ಎರವಲು ಬಲದ ಬಡ್ಡಿ

2023ರ ಸೆಪ್ಟೆಂಬರ್ ಕೊನೆಯಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಆ ರಾಜ್ಯದ ಅಥ್ಲೆಟಿಕ್ ಕೂಟ ನಡೆಯುತ್ತಿತ್ತು. ಅಲ್ಲಿನ ಶೌಚಾಲಯದಲ್ಲಿ ಬಳಸಿ ಬಿಸಾಡಿದ ಸಿರಿಂಜುಗಳು ಬಿದ್ದಿರುವ ದೃಶ್ಯ ಹೊರಗೆ ಬಂತು. ಕೂಟದ ಕೊನೆಯ ದಿನ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯವರು, ಅಂದರೆ ‘ನಾಡಾ’ದ ಅಧಿಕಾರಿಗಳು, ಮೂತ್ರದ ಮಾದರಿ ತೆಗೆದುಕೊಳ್ಳಲು ಬಂದಿದ್ದಾರೆಂಬ ಸುದ್ದಿ ಮೈದಾನದಲ್ಲಿ ಹರಡಿತು. ಪುರುಷರ 100 ಮೀಟರ್ ಫೈನಲ್ಲಿನಲ್ಲಿ ಆ ದಿನ ಓಡಿದ್ದು ಒಬ್ಬನೇ ಒಬ್ಬ. ಉಳಿದವರಿಗೆ ಏಕಕಾಲಕ್ಕೆ ಸ್ನಾಯು ಸೆಳೆತ ಬಂದಿತ್ತಂತೆ! ಜೂನಿಯರ್ ವಿಭಾಗದ ಸ್ಟೀಪಲ್‌ಚೇಸ್ ಓಡಿದ ಹುಡುಗಿಯೊಬ್ಬಳು ಗುರಿ ಗೆರೆ ದಾಟಿದ ಮೇಲೂ ನಿಲ್ಲದೆ ಓಡುತ್ತಲೇ ಇದ್ದಳು, ಅಧಿಕಾರಿಯೊಬ್ಬರು ಅವಳ ಹಿಂದೆ ಓಡಬೇಕಾಯಿತು ಎಂದು ಪತ್ರಿಕೆಗಳು ಬರೆದವು.

ಇದನ್ನು ಓದಿ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ಓಡಿ ತಪ್ಪಿಸಿಕೊಂಡರೆ ತಪ್ಪಿತಸ್ಥರೆಂದು ಅರ್ಥವಲ್ಲ, ಅದನ್ನು ಹೇಳಬೇಕಾದದ್ದು ಪ್ರಯೋಗಾಲಯ. ಆದರೆ ಜೂನಿಯರ್ ವಿಭಾಗವೆಂದರೆ ಇಪ್ಪತ್ತು ತುಂಬದ ಮಕ್ಕಳು. ನಮ್ಮ ಹೈಸ್ಕೂಲು, ಪಿ.ಯು. ಕಾಲೇಜಿನ ವಯಸ್ಸಿನವರು. ಅವರಲ್ಲೊಬ್ಬಳು ಓಟ ಮುಗಿಸಿದ ಸಂತೋಷವನ್ನೂ ಬಿಟ್ಟು ಓಡುತ್ತಾಳೆಂದರೆ ಅದು ನಗುವ ಸಂಗತಿ ಹೇಗಾದೀತು? ಅವಳು ಏನಾದರೂ ತೆಗೆದುಕೊಂಡಿದ್ದಳೋ ಇಲ್ಲವೋ, ಹೆದರಿಕೆಯಂತೂ ನಿಜವಾಗಿತ್ತು.

ಈಗ ತಾಲ್ಲೂಕು ಕೇಂದ್ರಗಳಲ್ಲೂ ಬಸ್ ನಿಲ್ದಾಣದ ಹತ್ತಿರ ಒಂದೆರಡು ಜಿಮ್‌ಗಳಿವೆ. ಒಂಬತ್ತನೆಯ ತರಗತಿಯ ಹುಡುಗರು ಸಂಜೆ ಟ್ಯೂಷನ್ ಮುಗಿಸಿ ಅಲ್ಲಿಗೆ ಹೋಗುತ್ತಾರೆ. ಹೋಗಲಿ, ಬೀದಿಯಲ್ಲಿ ಅಡ್ಡಾಡುವುದಕ್ಕಿಂತ ಒಳ್ಳೆಯದೇ. ಪೋಷಕರ ಸಭೆಯಲ್ಲಿ ನನ್ನನ್ನು ಕೇಳುವ ಪ್ರಶ್ನೆ ಬೇರೆ: “ಸಾರ್, ಹುಡುಗ ಅದೇನೋ ಪೌಡರ್ ಡಬ್ಬಿ ಬೇಕು ಅಂತಾನೆ, ಕೊಡಿಸಬಹುದಾ? ಅದರಲ್ಲಿ ಸ್ಟೀರಾಯ್ಡ್ ಇರುತ್ತಂತೆ, ಹೌದಾ?” ಒಂದೇ ಉಸಿರಿನಲ್ಲಿ ಕೇಳುವ ಈ ಪ್ರಶ್ನೆಗೆ ಒಂದೇ ಉಸಿರಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಈ ವಾರದ ಅಂಕಣವನ್ನು ಅದಕ್ಕೇ ಮೀಸಲಿಡುತ್ತೇನೆ.

ಸ್ಟೀರಾಯ್ಡ್ ಎಂಬುದು ಒಂದು ವಸ್ತುವಿನ ಹೆಸರಲ್ಲ, ಒಂದು ಕುಲದ ಹೆಸರು. ನಾಲ್ಕು ಇಂಗಾಲದ ಉಂಗುರಗಳು ಒಂದಕ್ಕೊಂದು ಅಂಟಿಕೊಂಡಿರುವ ರಚನೆ ಈ ಕುಲದ ಗುರುತು. ನಮ್ಮ ರಕ್ತದಲ್ಲಿರುವ ಕೊಲೆಸ್ಟರಾಲ್ ಕೂಡ ಇದೇ ಕುಲಕ್ಕೆ ಸೇರಿದ್ದು. ಗಂಡಿಗೆ ಗಡ್ಡ, ಗಡಸು ದನಿ, ತೋಳಿನ ದಪ್ಪ ತರುವ ಟೆಸ್ಟೋಸ್ಟಿರಾನ್ ಹಾರ್ಮೋನು ಇದರಲ್ಲಿ ಇನ್ನೊಂದು. 1849ರಲ್ಲಿ ಜರ್ಮನಿಯ ಗ್ಯೋಟಿಂಗನ್‌ನಲ್ಲಿ ಬೆರ್ಟೋಲ್ಡ್ ಎಂಬ ವಿಜ್ಞಾನಿ ಹುಂಜಗಳ ವೃಷಣ ತೆಗೆದು ನೋಡಿದ. ಜುಟ್ಟು ಬಾಡಿತು, ಕೂಗು ನಿಂತಿತು, ಜಗಳವಾಡುವುದನ್ನೂ ಬಿಟ್ಟವು. ಅದೇ ವೃಷಣವನ್ನು ಹೊಟ್ಟೆಯೊಳಗೆ ಬೇರೊಂದು ಜಾಗದಲ್ಲಿಟ್ಟು ಹೊಲಿದಾಗ ಜುಟ್ಟೂ ಕೂಗೂ ಜಗಳವೂ ಮರಳಿ ಬಂದವು. ನರದ ಸಂಪರ್ಕವಿಲ್ಲದಿದ್ದರೂ ರಕ್ತದ ಮೂಲಕ ಏನೋ ಹರಿಯುತ್ತಿದೆ ಎಂದು ಹೀಗೆ ತಿಳಿಯಿತು. ಆ ‘ಏನೋ’ ಟೆಸ್ಟೋಸ್ಟಿರಾನ್ ಎಂದು ಗೊತ್ತಾಗಿ, ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದು 1935ರಲ್ಲಿ. ಆ ಬಗೆಯ ಕೆಲಸಕ್ಕೆ ಬ್ಯೂಟೆನಾಂಟ್ ಮತ್ತು ರುಜಿಕಾ ಎಂಬಿಬ್ಬರಿಗೆ 1939ರ ರಸಾಯನಶಾಸ್ತ್ರದ ನೊಬೆಲ್ ಬಂತು. ಟೆಸ್ಟೋಸ್ಟಿರಾನನ್ನು ಅಲ್ಲಿ ಇಲ್ಲಿ ತಿದ್ದಿ, ಸ್ನಾಯು ಬೆಳೆಸುವ ಗುಣ ಹೆಚ್ಚಾಗುವಂತೆ ಮಾಡಿದ ಮದ್ದುಗಳೇ ಅನಬಾಲಿಕ್ ಸ್ಟೀರಾಯ್ಡ್‌ಗಳು. ಸ್ಟನಝಾಲಾಲ್, ಮೆಥಾನ್‌ಡೈಯಿನಾನ್, ನ್ಯಾಂಡ್ರೊಲಾನ್ ಮುಂತಾದ ಹೆಸರುಗಳನ್ನು ಪತ್ರಿಕೆಯ ಕ್ರೀಡಾಪುಟದಲ್ಲಿ ನೀವು ನೋಡಿರುತ್ತೀರಿ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 9.79 ಸೆಕೆಂಡಿನಲ್ಲಿ 100 ಮೀಟರ್ ಓಡಿದ ಬೆನ್ ಜಾನ್ಸನ್‌ನ ಚಿನ್ನ ಹೋದದ್ದು ಸ್ಟನಝಾಲಾಲ್‌ನಿಂದ.

ಹಾಲಿನ ಪೌಡರ್ ಡಬ್ಬಿಯಂಥ ಪ್ರೊಟೀನ್ ಡಬ್ಬಿ ಸ್ಟೀರಾಯ್ಡ್ ಅಲ್ಲ. ಅದರಲ್ಲಿ ಇರಬೇಕಾದದ್ದು ಪ್ರೊಟೀನು. ಇರಬಾರದ್ದೂ ಕೆಲವು ಡಬ್ಬಿಗಳಲ್ಲಿ ಸೇರಿರುತ್ತದೆ ಎಂಬುದು ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ವಿಷಯ ಮೊದಲೇ ಒಪ್ಪಿಕೊಳ್ಳೋಣ. ಸ್ಟೀರಾಯ್ಡ್ ತೆಗೆದುಕೊಂಡರೆ ಸ್ನಾಯು ಬೆಳೆಯುತ್ತದೆ. ಬೆಳೆಯುವುದಿಲ್ಲ ಎಂದು ಮಕ್ಕಳಿಗೆ ಹೇಳಿದರೆ ಅವರು ನಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. ಭಾರತೀಯ ಮೂಲದ ವೈದ್ಯ ಶಾಲೆಂದರ್ ಭಾಸಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 43 ಮಂದಿ ವಯಸ್ಕ ಗಂಡಸರ ಮೇಲೆ ನಡೆಸಿದ ಪ್ರಯೋಗ 1996ರಲ್ಲಿ ಪ್ರಕಟವಾಯಿತು. ಹತ್ತು ವಾರ ಟೆಸ್ಟೋಸ್ಟಿರಾನ್ ಚುಚ್ಚಿಸಿಕೊಂಡು ಭಾರವನ್ನೂ ಎತ್ತಿದವರಲ್ಲಿ ಕೊಬ್ಬು ಬಿಟ್ಟು ಉಳಿದ ಮೈತೂಕ ಸುಮಾರು 6 ಕೆ.ಜಿ. ಹೆಚ್ಚಿತು. ಚುಚ್ಚುಮದ್ದು ಪಡೆದು ವ್ಯಾಯಾಮ ಮಾಡದೆ ಕುಳಿತವರಿಗೂ 3 ಕೆ.ಜಿ.ಯಷ್ಟು ಹೆಚ್ಚಿತು. ಬರೀ ವ್ಯಾಯಾಮ ಮಾಡಿದವರಿಗೆ ಸಿಕ್ಕಿದ್ದು ಸುಮಾರು 2 ಕೆ.ಜಿ. ಬೆವರು ಸುರಿಸಿದವನಿಗಿಂತ ಸುಮ್ಮನೆ ಕುಳಿತವನ ಮೈ ಹೆಚ್ಚು ತುಂಬಿತು! ಆಸೆ ಹುಟ್ಟುವುದು ಇಲ್ಲಿಯೇ. ಆದರೆ ಅವರೆಲ್ಲ ಬೆಳೆದು ನಿಂತ ಗಂಡಸರು, ಹತ್ತೇ ವಾರ, ವೈದ್ಯರ ಕಣ್ಣಳತೆಯಲ್ಲಿ. ಹದಿನೈದರ ಹುಡುಗನ ದೇಹದ ಲೆಕ್ಕವೇ ಬೇರೆ.

ನಿಮ್ಮ ಮನೆಯ ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ನೀರು ತುಂಬಿದಂತೆ ಒಳಗಿನ ಚೆಂಡು ಮೇಲೇರಿ ಕೊಳಾಯಿಯ ಬಾಯಿ ಮುಚ್ಚುತ್ತದೆ. ನೀರು ಇಳಿದಾಗ ಚೆಂಡೂ ಇಳಿದು ಬಾಯಿ ತೆರೆಯುತ್ತದೆ. ನಮ್ಮ ದೇಹದಲ್ಲಿ ಆ ಚೆಂಡಿನ ಕೆಲಸ ಮಾಡುವುದು ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಮತ್ತು ಪಿಟ್ಯುಟರಿ ಗ್ರಂಥಿ. ರಕ್ತದಲ್ಲಿ ಟೆಸ್ಟೋಸ್ಟಿರಾನ್ ಕಡಿಮೆಯಾದರೆ ಪಿಟ್ಯುಟರಿ ಒಂದು ಹಾರ್ಮೋನು ಕಳಿಸಿ ವೃಷಣಕ್ಕೆ ‘ತಯಾರಿಸು’ ಎನ್ನುತ್ತದೆ, ಸಾಕಾದರೆ ಸುಮ್ಮನಾಗುತ್ತದೆ. ಬೆಳೆದ ಗಂಡಸಿನ ದೇಹ ದಿನಕ್ಕೆ ತಯಾರಿಸುವುದು ಕೆಲವೇ ಮಿಲಿಗ್ರಾಂ. ಈಗ ಯಾರೋ ಲಾರಿಯಲ್ಲಿ ನೀರು ತಂದು ಟ್ಯಾಂಕಿಗೆ ಸುರಿದರೆಂದು ಇಟ್ಟುಕೊಳ್ಳಿ. ಚೆಂಡು ಮೇಲೆ ಹೋಗಿ ಅಲ್ಲೇ ಕೂತುಬಿಡುತ್ತದೆ. ಕೊಳಾಯಿ ಪೂರ್ತಿ ಬಂದ್. ಹೊರಗಿನ ಸ್ಟೀರಾಯ್ಡ್ ಮಾಡುವುದೂ ಇದನ್ನೇ. ದುರ್ಬಳಕೆ ಮಾಡುವವರು ತೆಗೆದುಕೊಳ್ಳುವ ಪ್ರಮಾಣ ಚಿಕಿತ್ಸೆಗೆ ಕೊಡುವುದರ ಹತ್ತರಿಂದ ನೂರು ಪಟ್ಟು ಇರುತ್ತದೆ. ವೃಷಣಕ್ಕೆ ಕೆಲಸವಿಲ್ಲದೆ ಅದು ಕುಗ್ಗುತ್ತದೆ, ವೀರ್ಯಾಣುಗಳ ಉತ್ಪಾದನೆ ಇಳಿಯುತ್ತದೆ. ಲಾರಿ ಬರುವುದು ನಿಂತ ದಿನ ಟ್ಯಾಂಕೂ ಖಾಲಿ, ತುಕ್ಕು ಹಿಡಿದ ಕೊಳಾಯಿಯೂ ತೆರೆಯುವುದಿಲ್ಲ. ಮದ್ದು ಬಿಟ್ಟ ಹುಡುಗ ತಿಂಗಳುಗಟ್ಟಲೆ ಮಂಕಾಗಿ, ಯಾವುದರಲ್ಲೂ ಆಸಕ್ತಿಯಿಲ್ಲದೆ, ಖಿನ್ನತೆಗೆ ಜಾರುವುದು ಈ ಕಾರಣಕ್ಕೆ. ಆಗ ಮತ್ತೆ ಅದನ್ನೇ ಹಿಡಿಯುತ್ತಾನೆ.

ಗಂಡುತನ ಹೆಚ್ಚಲೆಂದು ತೆಗೆದುಕೊಂಡ ಮದ್ದಿನ ಒಂದು ಪಾಲನ್ನು ದೇಹ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನಾಗಿ ಮಾರ್ಪಡಿಸುತ್ತದೆ. ಹುಡುಗರಿಗೆ ಎದೆ ಬೆಳೆಯುತ್ತದೆ, ಕೆಲವರಿಗೆ ಅದನ್ನು ಇಳಿಸಲು ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಎತ್ತರದ್ದು. ಬೆಳೆಯುವ ಮಕ್ಕಳ ಉದ್ದ ಎಲುಬುಗಳ ತುದಿಯಲ್ಲಿ ಮೃದ್ವಸ್ಥಿಯ ತೆಳು ಪದರವೊಂದಿರುತ್ತದೆ. ಮಗು ಉದ್ದವಾಗುವುದು ಅಲ್ಲಿಂದ. ಈಸ್ಟ್ರೊಜೆನ್ ಹೆಚ್ಚಿದಂತೆ ಆ ಪದರ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಸಹಜವಾಗಿ ಹದಿನೇಳು ಹದಿನೆಂಟರ ಹೊತ್ತಿಗೆ ಆಗಬೇಕಾದದ್ದು ಹದಿನೈದಕ್ಕೇ ಆಗಿಬಿಟ್ಟರೆ, ಬರಬೇಕಾಗಿದ್ದ ಎರಡು ಮೂರು ಅಂಗುಲ ಬರುವುದಿಲ್ಲ. ಮುಚ್ಚಿದ ಪದರವನ್ನು ತೆರೆಯುವ ಮದ್ದು ಇಲ್ಲ. ವಾಲಿಬಾಲ್ ತಂಡಕ್ಕೆ ಸೇರಲು ಮೈ ಬೆಳೆಸಿಕೊಂಡ ಹುಡುಗ ನೆಟ್ಟಿಗಿಂತ ಕೆಳಗೇ ಉಳಿದಂತೆ.

ಮಾತ್ರೆಯ ರೂಪದಲ್ಲಿ ಬರುವ ಹಲವು ಸ್ಟೀರಾಯ್ಡ್‌ಗಳ 17ನೆಯ ಇಂಗಾಲಕ್ಕೆ ಒಂದು ಗುಂಪನ್ನು ಜೋಡಿಸಿರುತ್ತಾರೆ, ಯಕೃತ್ತು ಬೇಗ ಒಡೆದುಹಾಕದಿರಲಿ ಎಂದು. ಒಡೆಯಲಾರದ್ದನ್ನು ಒಡೆಯಲು ಹೋಗಿ ಪೆಟ್ಟು ತಿನ್ನುವುದು ಯಕೃತ್ತೇ. ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಹುಡುಗಿಯರಿಗಾದರೆ ಗಡಸಾದ ದನಿ ಮದ್ದು ಬಿಟ್ಟ ಮೇಲೂ ಮರಳಿ ಮೆದುವಾಗುವುದಿಲ್ಲ.

ಹುಡುಗಿಯರ ಮಾತು ಬಂದಾಗ ಪೂರ್ವ ಜರ್ಮನಿಯನ್ನು ಹೇಳದೆ ಮುಂದೆ ಹೋಗಲಾರೆ. ಆ ಸಣ್ಣ ದೇಶದಲ್ಲಿ ಮಕ್ಕಳನ್ನು ಆರಿಸಿ ಕ್ರೀಡಾ ಶಾಲೆಗಳಿಗೆ ಸೇರಿಸಿಕೊಳ್ಳುತ್ತಿದ್ದರು. 1974ರಿಂದ ಸರ್ಕಾರವೇ ಗುಟ್ಟಾಗಿ ಒಂದು ಯೋಜನೆ ಹಾಕಿತು. ಅದರ ಕಡತದ ಸಂಖ್ಯೆ 14.25. ಶಾಲೆಗೆ ಹೋಗುವ ಈಜುಗಾರ್ತಿಯರಿಗೂ ಓಟಗಾರ್ತಿಯರಿಗೂ ‘ವಿಟಮಿನ್’ ಎಂದು ಹೇಳಿ ಸಣ್ಣ ನೀಲಿ ಮಾತ್ರೆಗಳನ್ನು ಕೊಡುತ್ತಿದ್ದರು. ಅದು ಓರಲ್ ಟ್ಯುರಿನಬಾಲ್ ಎಂಬ ಸ್ಟೀರಾಯ್ಡ್. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 13 ಈಜು ಸ್ಪರ್ಧೆಗಳಲ್ಲಿ 11 ಚಿನ್ನ ಅವರಿಗೇ ಬಂತು. ಮಕ್ಕಳಿಗೂ ಗೊತ್ತಿರಲಿಲ್ಲ, ತಂದೆತಾಯಿಗೂ ಗೊತ್ತಿರಲಿಲ್ಲ. ಗೋಡೆ ಬಿದ್ದ ಮೇಲೆ ವೆರ್ನರ್ ಫ್ರಾಂಕೆ ಎಂಬ ಜೀವವಿಜ್ಞಾನಿ ಮತ್ತು ಅವರ ಪತ್ನಿ, ಸ್ವತಃ ಚಕ್ರ ಎಸೆತಗಾರ್ತಿಯಾಗಿದ್ದ ಬ್ರಿಗಿಟೆ ಬೆರೆಂಡೊಂಕ್, ಆ ಕಡತಗಳನ್ನು ಹುಡುಕಿ ತೆಗೆದರು. ಕ್ರೀಡಾ ಮುಖ್ಯಸ್ಥ ಮನ್‌ಫ್ರೆಡ್ ಎವಾಲ್ಡ್ ಮತ್ತು ವೈದ್ಯ ಮನ್‌ಫ್ರೆಡ್ ಹೆಪ್ನರ್ ಇಬ್ಬರಿಗೂ 2000ದಲ್ಲಿ ಬರ್ಲಿನ್ ನ್ಯಾಯಾಲಯ ಶಿಕ್ಷೆ ವಿಧಿಸಿತು, ಅದೂ ಜೈಲಿಗೆ ಹೋಗಬೇಕಿಲ್ಲದ ಅಮಾನತು ಶಿಕ್ಷೆ. ಪೋಷಕರೇ, ‘ಕೋಚ್ ಕೊಟ್ಟಿದ್ದಾರೆ, ವಿಟಮಿನ್ ಅಂತೆ’ ಎಂಬ ಮಾತು ಮಗುವಿನ ಬಾಯಿಂದ ಬಂದರೆ ಆ ಮಾತ್ರೆಯ ಪಟ್ಟಿಯನ್ನು ಒಮ್ಮೆ ಕೈಗೆ ತೆಗೆದುಕೊಂಡು ಓದಿ ಎಂದು ನಾನು ಹೇಳುವುದು ಇದನ್ನೆಲ್ಲ ತಿಳಿದೇ.

ಹಾಗಾದರೆ ತಡೆಯುವುದು ಹೇಗೆ? ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಗಂಭೀರವಾಗಿ ಕೇಳಿಕೊಂಡದ್ದು ಅಮೆರಿಕದ ಹೈಸ್ಕೂಲುಗಳು. ಅಲ್ಲಿ 1988ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಹನ್ನೆರಡನೆಯ ತರಗತಿಯ ಸುಮಾರು 3,400 ಹುಡುಗರನ್ನು ಕೇಳಿದಾಗ ನೂರಕ್ಕೆ 6.6 ಮಂದಿ ಸ್ಟೀರಾಯ್ಡ್ ಬಳಸಿದ್ದಾಗಿ ಹೇಳಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಹುಡುಗರು ಹದಿನಾರು ವರ್ಷದೊಳಗೇ ಶುರು ಮಾಡಿದ್ದರು. ಕಾಲು ಭಾಗಕ್ಕೂ ಹೆಚ್ಚು ಹುಡುಗರು ಕೊಟ್ಟ ಕಾರಣ ಆಟವಲ್ಲ, ಅಂದ. ಕನ್ನಡಿ ಮುಂದೆ ಚೆನ್ನಾಗಿ ಕಾಣಬೇಕು, ಅಷ್ಟೆ.

ಮೊದಲು ಅಲ್ಲಿಯ ದೊಡ್ಡವರು ಮಾಡಿದ್ದು ನಾವೂ ಮಾಡುವುದನ್ನೇ, ಹೆದರಿಸಿದರು. ಒರೆಗಾನ್ ರಾಜ್ಯದ ಲಿನ್ ಗೋಲ್ಡ್‌ಬರ್ಗ್ ಎಂಬ ವೈದ್ಯರ ತಂಡ ಇದನ್ನೇ ಪರೀಕ್ಷೆಗೆ ಒಡ್ಡಿತು. ಬರೀ ಅಪಾಯಗಳನ್ನು ಹೇಳಿದ ಗುಂಪಿಗಿಂತ ಲಾಭ ನಷ್ಟ ಎರಡನ್ನೂ ಹೇಳಿದ ಗುಂಪು ಅಪಾಯದ ಮಾತನ್ನು ಹೆಚ್ಚು ನಂಬಿತು. ಆದರೆ ಎರಡೂ ಗುಂಪಿನಲ್ಲಿ ಬಳಸುವ ಮನಸ್ಸು ಮಾತ್ರ ಬದಲಾಗಲಿಲ್ಲ. 1991ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ನಾವು ಮೇಷ್ಟ್ರುಗಳು ಇದನ್ನು ಎರಡು ಸಲ ಓದಬೇಕು. ಪಾಠ ಅರ್ಥವಾಯಿತು, ಅಂಕವೂ ಬಂತು, ನಡತೆ ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ಆ ತಂಡ ರೂಪಿಸಿದ ಕಾರ್ಯಕ್ರಮದ ಹೆಸರು ‘ಅಟ್ಲಾಸ್’. ಪೋರ್ಟ್‌ಲ್ಯಾಂಡ್ ನಗರದ ಸುತ್ತಿನ 31 ಹೈಸ್ಕೂಲು ಫುಟ್‌ಬಾಲ್ ತಂಡಗಳ ಸುಮಾರು 1,500 ಹುಡುಗರು ಇದರಲ್ಲಿದ್ದರು. ಅರ್ಧದಷ್ಟು ತಂಡಗಳಿಗೆ ಹೊಸ ಪಾಠ, ಉಳಿದವಕ್ಕೆ ಒಂದು ಕರಪತ್ರ. ಹೊಸ ಪಾಠವೆಂದರೆ ವಾರಕ್ಕೊಂದರಂತೆ 50 ನಿಮಿಷದ ಏಳು ತರಗತಿಗಳು. ಪಾಠ ಮಾಡಿದ್ದು ಹೊರಗಿನಿಂದ ಬಂದ ಭಾಷಣಕಾರರಲ್ಲ, ತಂಡದ ಕೋಚ್ ಮತ್ತು ಆ ತಂಡದ್ದೇ ಹಿರಿಯ ಹುಡುಗರು. ಮದ್ದಿನ ಬಗ್ಗೆ ಸ್ವಲ್ಪ, ಊಟದ ಬಗ್ಗೆ ಬಹಳ. ಯಾರಾದರೂ ಮಾತ್ರೆ ಕೊಡಲು ಬಂದಾಗ ಬೇಡವೆನ್ನುವುದು ಹೇಗೆಂದು ನಾಟಕದಂತೆ ಆಡಿ ತೋರಿಸುವುದು, ಸ್ನಾಯು ತೋರಿಸುವ ಜಾಹೀರಾತುಗಳನ್ನು ಬಿಡಿಸಿ ನೋಡುವುದು. ಜೊತೆಗೆ ಭಾರ ಎತ್ತುವ ಕೋಣೆಯಲ್ಲಿ ಏಳು ತರಗತಿಗಳು, ಮದ್ದಿಲ್ಲದೆ ಬಲ ಬೆಳೆಸುವ ಸರಿಯಾದ ಕ್ರಮ ಕಲಿಸಲು. ತಂದೆತಾಯಿಗಳಿಗೂ ಒಂದು ಸಂಜೆ ಮೀಸಲಿತ್ತು. 1996ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹೊಸ ಪಾಠ ಕೇಳಿದ ಹುಡುಗರಲ್ಲಿ ಸ್ಟೀರಾಯ್ಡ್ ಬಳಸುವ ಇರಾದೆ ಇಳಿಯಿತು, ಊಟ ಸುಧಾರಿಸಿತು, ‘ನನ್ನ ಕೈಲಿ ಆಗುತ್ತದೆ’ ಎಂಬ ಧೈರ್ಯ ಹೆಚ್ಚಿತು. ಮೂರು ವರ್ಷ, ಮೂರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳೊಂದಿಗೆ ನಡೆಸಿದ ಅಧ್ಯಯನ 2000ದಲ್ಲಿ ಹೊರಬಂದಾಗ ಇನ್ನೊಂದು ಸಂಗತಿ ತಿಳಿಯಿತು. ಕುಡಿದು ವಾಹನ ಓಡಿಸುವುದೂ ಆ ಹುಡುಗರಲ್ಲಿ ಕಡಿಮೆಯಾಗಿತ್ತು.

ಇದಕ್ಕೆ ಎದುರಾಗಿ ಟೆಕ್ಸಾಸ್ ರಾಜ್ಯದ ದಾರಿ ನೋಡಿ. ನ್ಯೂಜೆರ್ಸಿ 2006ರಲ್ಲಿ ಶಾಲಾ ಆಟಗಾರರ ಮೂತ್ರ ಪರೀಕ್ಷೆ ಆರಂಭಿಸಿತು, 2008ರಲ್ಲಿ ಟೆಕ್ಸಾಸ್ ಅದನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡಿತು. ಲಕ್ಷಾಂತರ ಡಾಲರ್ ಖರ್ಚು. ಮೊದಲ ಸುತ್ತಿನ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಸಿಕ್ಕಿಬಿದ್ದವರು ಇಬ್ಬರು. ಮಕ್ಕಳೆಲ್ಲ ಶುದ್ಧರೆಂದು ಕೆಲವರು ಸಮಾಧಾನಪಟ್ಟರು, ಪರೀಕ್ಷೆಯ ಜರಡಿಯ ತೂತೇ ದೊಡ್ಡದೆಂದು ಕೆಲವರು ಹೇಳಿದರು. 2015ರಲ್ಲಿ ಅದನ್ನು ಕೈಬಿಟ್ಟರು. ಪರೀಕ್ಷೆ ಬೇಡವೆಂದು ನನ್ನ ವಾದವಲ್ಲ. ರಾಷ್ಟ್ರಮಟ್ಟದ ಕೂಟಗಳಲ್ಲಿ ಅದಿಲ್ಲದೆ ಗತಿಯಿಲ್ಲ. ನಮ್ಮ ದೇಶದಲ್ಲಿ 2022ರಲ್ಲಿ ಸಂಗ್ರಹಿಸಿದ 3,865 ಮಾದರಿಗಳಲ್ಲಿ 125ರಲ್ಲಿ ನಿಷೇಧಿತ ವಸ್ತು ಸಿಕ್ಕಿತು, ನೂರಕ್ಕೆ ಮೂರಕ್ಕಿಂತ ಹೆಚ್ಚು. ತಲೆ ತಗ್ಗಿಸಬೇಕಾದ ಲೆಕ್ಕವೇ. ಆದರೆ ಹೋಬಳಿ ಮಟ್ಟದ ಕೂಟಕ್ಕೆ ಯಾವ ಅಧಿಕಾರಿಯೂ ಬಾಟಲಿ ಹಿಡಿದು ಬರುವುದಿಲ್ಲ. ಅಲ್ಲಿ ಇರುವವರು ಪಿ.ಟಿ. ಮೇಷ್ಟ್ರು, ಜೊತೆಯ ಹುಡುಗರು ಮತ್ತು ಮನೆಯವರು. ಒರೆಗಾನ್‌ನವರು ಕೈಹಾಕಿದ್ದೂ ಈ ಮೂವರ ಮೇಲೆಯೇ.

ಕ್ರೀಡಾ ಕೋಟಾದ ಸೀಟು, ಪ್ರಮಾಣಪತ್ರ, ಮುಂದೆ ಪೊಲೀಸ್ ಅಥವಾ ರೈಲ್ವೆಯಲ್ಲಿ ಒಂದು ಕೆಲಸ, ಇವೆಲ್ಲ ಬಡವರ ಮನೆಯ ಮಕ್ಕಳಿಗೆ ಸಣ್ಣ ಆಸೆಗಳಲ್ಲ. ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ಒಂದು ಜೀವನವೇ ತೂಗುತ್ತಿರುತ್ತದೆ. ‘ಆಟ ಆಟದಂತಿರಲಿ’ ಎಂದು ಉಪದೇಶ ಮಾಡುವವರು ಇದನ್ನು ಮರೆಯಬಾರದು.

ಇನ್ನು ಡಬ್ಬಿಯ ಮಾತು. 2011ರಲ್ಲಿ ಭಾರತದ ಆರು ಮಂದಿ ಓಟಗಾರ್ತಿಯರ ಮಾದರಿಗಳಲ್ಲಿ ಸ್ಟೀರಾಯ್ಡ್ ಸಿಕ್ಕಿತು. ಹಿಂದಿನ ವರ್ಷವಷ್ಟೇ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಗೆದ್ದು ನಮ್ಮೆಲ್ಲರ ಎದೆ ಉಬ್ಬಿಸಿದ್ದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಅವರಲ್ಲೊಬ್ಬರು. ವಿದೇಶಿ ಕೋಚ್ ತಂದುಕೊಟ್ಟ ಜಿನ್‌ಸೆಂಗ್ ಬೇರಿನ ಪೂರಕದಲ್ಲಿ ಮದ್ದು ಬೆರೆತಿತ್ತು, ತಮಗೆ ಗೊತ್ತಿರಲಿಲ್ಲ ಎಂದು ಅವರು ಹೇಳಿದರು. ನಮ್ಮ ದೇಶದ ಶಿಸ್ತು ಸಮಿತಿ ಆ ಮಾತನ್ನು ಒಪ್ಪಿ ಶಿಕ್ಷೆಯನ್ನು ಒಂದು ವರ್ಷಕ್ಕೆ ಇಳಿಸಿತು. ಆದರೆ 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಮತ್ತೆ ಎರಡು ವರ್ಷ ಮಾಡಿತು. ಆ ವರ್ಷದ ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕ್ರೀಡಾ ಕಾನೂನು ಅಷ್ಟು ಕಠಿಣ. ಯಾರು ಕೊಟ್ಟರು ಎಂದು ಅದು ಆಮೇಲೆ ಕೇಳುತ್ತದೆ, ಮೊದಲು ಕೇಳುವುದು ಯಾರ ಮೈಯಲ್ಲಿ ಸಿಕ್ಕಿತು ಎಂದು. ಏಷ್ಯಾದ ಚಾಂಪಿಯನ್ನರೇ ಹೀಗೆ ಸಿಕ್ಕಿಕೊಂಡರೆ, ಹದಿನೈದರ ಹುಡುಗ ಜಿಮ್‌ನಲ್ಲಿ ಸೀಲು ಒಡೆದ ಡಬ್ಬಿಯಿಂದ ಎರಡು ಚಮಚ ಪಡೆದು ಕುಡಿಯುವುದನ್ನು ಏನೆನ್ನಬೇಕು?

ಡಬ್ಬಿಯ ಅಗತ್ಯವೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಸೂತ್ರಗಳಲ್ಲಿ ಪ್ರೊಟೀನ್ ಪೂರಕಗಳಿಂದ ದೂರವಿರಿ ಎಂದೇ ಹೇಳಿದೆ. ನಿತ್ಯ ಮೈದಾನದಲ್ಲಿ ಬೆವರುವ 50 ಕಿಲೋ ತೂಕದ ಹುಡುಗನಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಧಾರಾಳ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ದೊಡ್ಡ ಲೋಟ ಹಾಲಿನಲ್ಲಿ ಅಷ್ಟೇ. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ 25, ಅಷ್ಟೇ ಹುರುಳಿಯಲ್ಲಿ 22. ಎರಡು ಮುದ್ದೆ, ಹುರುಳಿಕಾಳಿನ ಸಾರು, ಎರಡು ಮೊಟ್ಟೆ, ಒಂದು ಹಿಡಿ ನೆನೆಸಿದ ಕಡಲೆಕಾಯಿ, ಎರಡು ಲೋಟ ಹಾಲು, ಮೊಸರನ್ನ. ಕೂಡಿಸಿ ನೋಡಿ, ಇದನ್ನು ನಾನು ಒಂಬತ್ತನೆಯ ತರಗತಿಗೆ ಲೆಕ್ಕವಾಗಿಯೇ ಕೊಡುತ್ತೇನೆ. ಮೈಸೂರಿನ ಗರಡಿಗಳಲ್ಲಿ ಬಾದಾಮಿ ಅರೆದು ಹಾಲಿಗೆ ಹಾಕಿ ಕುಡಿದವರು ಲೆಕ್ಕ ಗೊತ್ತಿಲ್ಲದೆಯೂ ಸರಿಯಾಗಿಯೇ ನಡೆದಿದ್ದರು. ಅದರ ಮೇಲೆ ಎಂಟು ಗಂಟೆ ನಿದ್ದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಒಸರುವುದು ಗಾಢ ನಿದ್ದೆಯಲ್ಲಿ. ರಾತ್ರಿ ಒಂದರವರೆಗೆ ಮೊಬೈಲಿನಲ್ಲಿ ದೇಹದಾರ್ಢ್ಯದ ವಿಡಿಯೊ ನೋಡುವ ಹುಡುಗ ತನ್ನದೇ ಟ್ಯಾಂಕಿನ ಕೊಳಾಯಿ ತಿರುಗಿಸಿಡುತ್ತಿದ್ದಾನೆ.

ಪೋಷಕರು ಗಮನಿಸಬೇಕಾದ ಗುರುತುಗಳು ಹೆಚ್ಚಿಲ್ಲ. ಎರಡು ಮೂರು ತಿಂಗಳಲ್ಲೇ ಏಳೆಂಟು ಕಿಲೋ ಸ್ನಾಯು, ಬೆನ್ನ ಮೇಲೂ ಭುಜದ ಮೇಲೂ ದಟ್ಟವಾಗಿ ಎದ್ದ ಮೊಡವೆ, ಅಂಗಿ ತೆಗೆಯಲು ಹಿಂಜರಿಕೆ, ಮೊದಲಿಲ್ಲದ ಸಿಡುಕು. ಇವುಗಳಲ್ಲಿ ಒಂದಿದ್ದರೆ ಅದು ಬರೀ ಹರೆಯ, ಎಲ್ಲವೂ ಒಟ್ಟಿಗೆ ಬಂದರೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಬೈದು ಮದ್ದನ್ನು ಮೋರಿಗೆ ಎಸೆದು ಕೈತೊಳೆದುಕೊಳ್ಳಬೇಡಿ. ದಿಢೀರನೆ ಬಿಟ್ಟಾಗ ಬರುವ ಖಿನ್ನತೆಗೆ ಜೊತೆಯಲ್ಲಿ ಯಾರಾದರೂ ಇರಬೇಕು.

ಕೊನೆಗೆ, ಉಬ್ಬಸವಿರುವ ಮಕ್ಕಳ ತಾಯಂದಿರು ಗಾಬರಿಯಾಗಿ ಕೇಳುವ ಪ್ರಶ್ನೆ. ಇನ್‌ಹೇಲರಿನಲ್ಲಿಯೂ ಸ್ಟೀರಾಯ್ಡ್ ಇದೆಯಂತಲ್ಲ? ಇದೆ, ಆದರೆ ಅದು ಕಾರ್ಟಿಕೊಸ್ಟೀರಾಯ್ಡ್ ಎಂಬ ಬೇರೆ ಕವಲಿನದು. ಉಸಿರುನಾಳದ ಊತ ಇಳಿಸುತ್ತದೆ, ತೋಳು ದಪ್ಪ ಮಾಡುವುದಿಲ್ಲ. ಅದನ್ನು ಹೆದರಿ ನಿಲ್ಲಿಸಿದರೆ ಮಗುವಿನ ಪ್ರಾಣಕ್ಕೇ ಅಪಾಯ. ವೈದ್ಯರು ಹೇಳಿದಷ್ಟು ಸೇದುವ ಉಬ್ಬಸದ ಕಾರ್ಟಿಕೊಸ್ಟೀರಾಯ್ಡ್‌ಗೆ ಕ್ರೀಡೆಯಲ್ಲಿ ನಿಷೇಧವೂ ಇಲ್ಲ. ಅದೇ ಬಗೆಯ ಮದ್ದನ್ನು ಮಾತ್ರೆಯಾಗಿ ಅಥವಾ ಚುಚ್ಚುಮದ್ದಾಗಿ ಕೊಟ್ಟರೆ ಮಾತ್ರ ಸ್ಪರ್ಧೆಯ ಹೊತ್ತಿನಲ್ಲಿ ಅಡ್ಡಿ ಬರುತ್ತದೆ. ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋಗುವ ಮಕ್ಕಳು ವೈದ್ಯರ ಚೀಟಿಯೊಂದಿಗೆ ಮೊದಲೇ ನಾಡಾಕ್ಕೆ ಅರ್ಜಿ ಹಾಕಿ ಚಿಕಿತ್ಸಾ ವಿನಾಯಿತಿ ಪಡೆಯಬಹುದು. ಆ ಚೀಟಿಯ ಒಂದು ಪ್ರತಿಯನ್ನು ಪಿ.ಟಿ. ಮೇಷ್ಟ್ರ ಬಳಿ, ಇನ್ನೊಂದನ್ನು ಮಗುವಿನ ಕ್ರೀಡಾ ಚೀಲದಲ್ಲಿ ಇಟ್ಟಿರಿ.